ಎಕ್ಕದ ಹಾಲುಂಡ ರೆಕ್ಕೆಗಳು

ಥಾಣೆಯ ಘೋಡಬಂದರ್ ರಸ್ತೆಯಲ್ಲಿ ಕಾಸರವಡವಲಿ ದಾಟಿ ಗಾಯಮುಖದ ಕಡೆಗೆ ಸಾಗಿದರೆ ರಸ್ತೆಯಂಚಿನಲ್ಲಿ ಅಲ್ಲಲ್ಲಿ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ ಚೂರು, ಒಣಗಿ ಗಟ್ಟಿಯಾದ ಸಿಮೆಂಟಿನ ರಾಶಿ ಬಿದ್ದಿರುತ್ತದೆ. ಯಾರೂ ನೆಡದ, ಯಾರೂ ನೀರೆರೆಯದ ಎಕ್ಕದ ಗಿಡ ಅದರ ಮೇಲೆಯೇ ಎದ್ದು ನಿಂತಿರುತ್ತದೆ. ಇಲ್ಲಿನ ಮರಾಠಿ ಜನ ಅದನ್ನು ರುಯಿ ಎನ್ನುತ್ತಾರೆ. ಶನಿವಾರ ಮಾರುತಿಯ ಕೊರಳಿಗೆ ಅದರ ಎಲೆಯ ಹಾರ ಬೀಳುತ್ತದೆ. ಮಳೆ ಹಿಂದೆ ಸರಿದು ಬಿಸಿಲು ಕಾಯತೊಡಗಿದ ಅಕ್ಟೋಬರಿನಲ್ಲಿ ಈ ಗಿಡಗಳ ಸುತ್ತ ಕಿತ್ತಳೆ ಬಣ್ಣದ ಒಂದು ಚಿಟ್ಟೆ ಸುಳಿಯುತ್ತದೆ. ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ನಡುವೆ ಬಿಳಿಯ ಪಟ್ಟಿ. ಹೆಸರು ಪ್ಲೇನ್ ಟೈಗರ್. ಅಪರೂಪದ್ದೇನೂ ಅಲ್ಲ, ಬೀದರಿನಿಂದ ಮಂಗಳೂರಿನವರೆಗೆ ಎಕ್ಕ ಇರುವಲ್ಲೆಲ್ಲ ಇದನ್ನು ಕಾಣಬಹುದು.

ಚಿಟ್ಟೆ ಎಂದರೆ ಅಳುಕಿನ ಜೀವ ಎಂದೇ ನಮ್ಮ ಎಣಿಕೆ. ಬಹುಪಾಲು ಚಿಟ್ಟೆಗಳ ಹಾರಾಟವೂ ಹಾಗೆಯೇ ಇರುತ್ತದೆ: ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಹಿಂಬಾಲಿಸುವವರ ಕಣ್ಣು ತಪ್ಪಿಸುವ ಅವಸರ. ಪ್ಲೇನ್ ಟೈಗರ್ ಮಾತ್ರ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ನಿಧಾನವಾಗಿ, ನೇರವಾಗಿ ಸಾಗುತ್ತದೆ. ತಂತಿಯ ಮೇಲೆ ಕೂತ ಕಾಜಾಣಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ. ಕಾಣಲೆಂದೇ ಆ ಬಣ್ಣ. ಅನುಭವವಾದ ಹಕ್ಕಿ ಅದರ ತಂಟೆಗೆ ಹೋಗುವುದಿಲ್ಲ.

ಈ ನಿರಾತಂಕದ ಮೂಲ ಹುಡುಕಬೇಕಾದರೆ ಬಗ್ಗಿ ಎಕ್ಕದ ಎಲೆಯ ಅಡಿಭಾಗ ನೋಡಬೇಕು. ತಾಯಿ ಅಲ್ಲಿ ಒಂದೊಂದೇ ಮೊಟ್ಟೆ ಇಟ್ಟು ಹೋಗಿರುತ್ತದೆ. ಹೊರಬಂದ ಮರಿಹುಳುವಿನ ಮೊದಲ ಊಟ ಅದರದೇ ಮೊಟ್ಟೆಯ ಸಿಪ್ಪೆ. ಬೆಳೆದ ಹುಳುವಿನ ಮೈತುಂಬ ಕಪ್ಪು ಬಿಳಿಯ ಬಳೆಗಳು, ನಡುನಡುವೆ ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಎಕ್ಕದ ಎಲೆ ಮುರಿದರೆ ಸುರಿಯುವ ಹಾಲು ಎಷ್ಟು ಕೆಟ್ಟದ್ದೆಂದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಕಣ್ಣಿಗೆ ತಗಲೀತೆಂದು ಅಜ್ಜಿಯರು ಮಕ್ಕಳನ್ನು ಆ ಗಿಡದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆ ಹಾಲಿನಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಕಾರ್ಡಿನೊಲೈಡ್ ಎಂಬ ವಿಷವಿದೆ. ಹಾಲು ಬಾಯಿಗೆ ಅಂಟಿಕೊಂಡರೆ ಹುಳುವಿಗೂ ಉಳಿಗಾಲವಿಲ್ಲ. ಆದ್ದರಿಂದ ಈ ಬಳಗದ ಹುಳುಗಳು ಮೊದಲು ಎಲೆಯ ನರವನ್ನು ಕಚ್ಚಿ ಹಾಲಿನ ಒತ್ತಡ ತಗ್ಗಿಸುತ್ತವೆ, ಆಮೇಲೆ ತಿನ್ನಲು ಕೂರುತ್ತವೆ. ಹೀಗೆ ಕಂತುಕಂತಾಗಿ ಒಳಗಿಳಿದ ವಿಷ ಮೈಯಲ್ಲಿ ಸೇರಿಕೊಂಡು, ಕೋಶದ ದಿನಗಳನ್ನು ದಾಟಿ, ರೆಕ್ಕೆಯವರೆಗೂ ಬರುತ್ತದೆ. ರೆಕ್ಕೆ ಬಂದ ಮೇಲೂ ಗಂಡು ಚಿಟ್ಟೆಗಳು ಚೇಳುಕೊಂಡಿ ಗಿಡ, ಗಿಲಕಿ ಗಿಡಗಳಿಗೆ ಮುತ್ತಿ ಅವುಗಳ ಕಹಿಯನ್ನೂ ಹೀರಿಕೊಳ್ಳುತ್ತವೆ.

ಚಿಟ್ಟೆಯನ್ನು ಕೆಚ್ಚಿನ ಗುರುತಾಗಿ ಕಂಡವರು ಜಗತ್ತಿನಲ್ಲಿ ಹಲವರಿದ್ದಾರೆ. ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ಟ್ರುಹಿಯೊನನ್ನು ಎದುರಿಸಿ 1960ರ ನವೆಂಬರ್ 25ರಂದು ಕೊಲೆಯಾದ ಮಿರಾಬಲ್ ಸೋದರಿಯರನ್ನು ಆ ದೇಶ ಚಿಟ್ಟೆಗಳೆಂದೇ ನೆನೆಯುತ್ತದೆ. ನಿರ್ಭೀತ ಪತ್ರಿಕೋದ್ಯಮದ ಮಾತು ಬಂದಾಗಲೂ ರೆಕ್ಕೆ, ಹಾರಾಟ, ಬಣ್ಣ ಇವೇ ಮೊದಲು ನೆನಪಾಗುತ್ತವೆ. ಆದರೆ ಚಿಟ್ಟೆಯ ಬದುಕನ್ನು ಹತ್ತಿರದಿಂದ ನೋಡಿದರೆ ಧೈರ್ಯ ರೆಕ್ಕೆಯಲ್ಲಿ ಹುಟ್ಟುವುದೇ ಇಲ್ಲ. ಹುಳುವಾಗಿದ್ದಾಗ ಯಾರ ಕಣ್ಣಿಗೂ ಬೀಳದೆ ಅರಗಿಸಿಕೊಂಡದ್ದೇ ಮುಂದೆ ಧೈರ್ಯವಾಗಿ ಹಾರುತ್ತದೆ. ಅದನ್ನು ಉಣಿಸಿದ ಗಿಡ ಇಲ್ಲದಿದ್ದರೆ ಚಿಟ್ಟೆಯೂ ಇಲ್ಲ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಇದೇ ರಸ್ತೆಯ ಓವಳಾ ಗ್ರಾಮಕ್ಕೆ ಹೋಗಬೇಕು. ಶಾಲಾ ಶಿಕ್ಷಕರಾಗಿದ್ದ ರಾಜೇಂದ್ರ ಓವಳೇಕರ್ ಅವರು ತಮ್ಮ ಮನೆತನದ ಎರಡು ಎಕರೆ ಜಮೀನನ್ನು ಚಿಟ್ಟೆಗಳಿಗಾಗಿಯೇ ಬಿಟ್ಟುಕೊಟ್ಟು ಓವಳೇಕರ್ ವಾಡಿ ಚಿಟ್ಟೆ ತೋಟ ಮಾಡಿದ್ದಾರೆ. ಅಲ್ಲಿ ಬಲೆಯಿಲ್ಲ, ಗಾಜಿನ ಮನೆಯಿಲ್ಲ. ಮಾಡಿದ್ದೆಲ್ಲ ಗಿಡಗಳ ಕೆಲಸ: ಹುಳುಗಳಿಗೆ ಬೇಕಾದ ಆತಿಥೇಯ ಗಿಡ, ಚಿಟ್ಟೆಗಳಿಗೆ ಬೇಕಾದ ಮಕರಂದದ ಗಿಡ. ಬೆನ್ನಿಗಿರುವ ಯೇವೂರು ಗುಡ್ಡದಿಂದ ಚಿಟ್ಟೆಗಳು ತಾವಾಗಿ ಇಳಿದು ಬಂದವು. ನೂರಕ್ಕೂ ಹೆಚ್ಚು ಬಗೆಯ ಚಿಟ್ಟೆಗಳನ್ನು ಅಲ್ಲಿ ಗುರುತಿಸಲಾಗಿದೆ. 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯ ಚಿಟ್ಟೆಯೆಂದು ಘೋಷಿಸಿದ ಬ್ಲೂ ಮಾರ್ಮನ್ ಕೂಡ ಈ ಸೀಮೆಯದೇ. ದೇಶದಲ್ಲಿ ಮೊದಲು ರಾಜ್ಯ ಚಿಟ್ಟೆಯನ್ನು ಹೆಸರಿಸಿದ ರಾಜ್ಯ ಮಹಾರಾಷ್ಟ್ರ. ಆಮೇಲೆ ಕರ್ನಾಟಕ ಸದರ್ನ್ ಬರ್ಡ್‌ವಿಂಗನ್ನು ಆರಿಸಿಕೊಂಡಿತು. ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಕಟ್ಟಿದ ಚಿಟ್ಟೆ ಉದ್ಯಾನದಲ್ಲೂ ನಡೆದದ್ದು ಇದೇ. ಥಾಣೆಯ ಬಂಟರು, ಬಿಲ್ಲವರು, ಮೊಗವೀರರು ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಅದೇ ಪಾಠ ಮನೆಯ ಹತ್ತಿರದ ಓವಳಾದಲ್ಲೂ ಸಿಗುತ್ತದೆ.

ಯೇವೂರಿನ ಆ ಗುಡ್ಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಥಾಣೆ ಮಗ್ಗುಲು. ಸುಮಾರು 104 ಚದರ ಕಿಲೋಮೀಟರಿನ ಈ ಕಾಡಿನ ಒಂದು ಬದಿಯಲ್ಲಿ ಬೋರಿವಲಿ, ಇನ್ನೊಂದು ಬದಿಯಲ್ಲಿ ಘೋಡಬಂದರ್ ರಸ್ತೆ. ಈಗ ಎರಡನ್ನೂ ಜೋಡಿಸಲು ಕಾಡಿನ ಅಡಿಯಿಂದಲೇ ಸುಮಾರು 12 ಕಿಲೋಮೀಟರಿನ ಜೋಡಿ ಸುರಂಗ ಮಾರ್ಗದ ಯೋಜನೆ ನಡೆದಿದೆ. ಪತ್ರಕರ್ತ ಜ್ಯೋತಿರ್ಮಯ ಡೇ, ಎಲ್ಲರ ಬಾಯಲ್ಲಿ ಜೆ. ಡೇ, ಬರವಣಿಗೆ ಕಲಿತದ್ದು ಇಂಥ ಕಾಡುಗಳಲ್ಲಿ. ಭೂಗತ ಲೋಕದ ವರದಿಗಾರರಾಗಿ ಹೆಸರಾಗುವುದಕ್ಕೆ ಮುಂಚೆ ಅವರು ಕಾಡು, ವನ್ಯಜೀವಿ, ಈ ಉದ್ಯಾನದ ಒತ್ತುವರಿ ಕುರಿತು ಬರೆಯುತ್ತಿದ್ದರು. ಕಾಡಿನ ವರದಿಗಾರನಿಗೆ ಸರ್ವೆ ನಂಬರು ಗೊತ್ತಿರಬೇಕು, ಅರಣ್ಯ ಇಲಾಖೆಯ ನಕ್ಷೆ ಓದಲು ಬರಬೇಕು, ಪಾಡೆಯ ವಾರ್ಲಿ ಮುದುಕರ ಮಾತು ಕೇಳುವ ತಾಳ್ಮೆ ಬೇಕು, ಬೇಲಿ ಸರಿದದ್ದನ್ನು ಕಾಲಲ್ಲಿ ನಡೆದೇ ಕಾಣಬೇಕು. ಯಾರೂ ಚಪ್ಪಾಳೆ ತಟ್ಟದ ಈ ದುಡಿಮೆಯೇ ವರದಿಗಾರನ ಹುಳುವಿನ ಬದುಕು.

2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ತಂಬಾಕು ಗಿಡದ ಪತಂಗದ ಹುಳುಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ವಾಸನೆ ತೋರಿಸಿ ಸಣ್ಣ ವಿದ್ಯುತ್ ಆಘಾತ ಕೊಟ್ಟು ಆ ವಾಸನೆಯಿಂದ ದೂರ ಸರಿಯುವುದನ್ನು ಹುಳುಗಳಿಗೆ ಕಲಿಸಿದರು. ಕೋಶದೊಳಗೆ ಹುಳುವಿನ ಮೈಯ ಬಹುಭಾಗ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಷ್ಟೆಲ್ಲ ಆದ ಮೇಲೂ, ಬೆಳೆದ ಹಂತದಲ್ಲಿ ಕಲಿತ ಹುಳುಗಳು ಪತಂಗವಾಗಿ ಹೊರಬಂದಾಗ ಆ ವಾಸನೆಯನ್ನು ಮರೆತಿರಲಿಲ್ಲ. ಜೆ. ಡೇ ಅವರ ಕ್ರೈಂ ವರದಿಗಳನ್ನು ಓದಿದಾಗ ನನಗೆ ಕಾಣುವುದು ಇದೇ. ಮಾಹಿತಿದಾರರ ಲೋಕದ ಬಗ್ಗೆ ಅವರು ಬರೆದ ‘ಝೀರೋ ಡಯಲ್’ ಪುಸ್ತಕದಲ್ಲಿ ಕಾಡಿನ ಹೆಜ್ಜೆಗುರುತು ಹಿಡಿದು ನಡೆದವನ ಶಿಸ್ತಿದೆ. ಆಗ ‘ಮಿಡ್ ಡೇ’ ಪತ್ರಿಕೆಯಲ್ಲಿದ್ದ ಅವರನ್ನು 2011ರ ಜೂನ್ 11ರಂದು ಪವಯಿಯ ಹೀರಾನಂದಾನಿ ಬಡಾವಣೆಯಲ್ಲಿ, ಹಾಡಹಗಲೇ, ಬೈಕಿನಲ್ಲಿ ಬಂದವರು ಗುಂಡಿಟ್ಟು ಕೊಂದರು. ತನ್ನ ಕುರಿತ ವರದಿಗಳಿಂದ ಭೂಗತ ಪಾತಕಿ ಛೋಟಾ ರಾಜನ್ ಸಿಟ್ಟಾಗಿದ್ದ ಎಂಬುದು ಪ್ರಾಸಿಕ್ಯೂಷನ್ ವಾದವಾಗಿತ್ತು. 2018ರ ಮೇ 2ರಂದು ವಿಶೇಷ ನ್ಯಾಯಾಲಯ ರಾಜನ್ ಮತ್ತು ಇತರ ಎಂಟು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ಪ್ರಕರಣದಲ್ಲಿ ಆರೋಪ ಹೊತ್ತಿದ್ದ ಪತ್ರಕರ್ತೆ ಜಿಗ್ನಾ ವೋರಾ ನಿರ್ದೋಷಿಯೆಂದು ಬಿಡುಗಡೆಯಾದರು.

ವಿಷವಿದ್ದರೂ ಚಿಟ್ಟೆ ಸಾಯುವುದುಂಟು. ಅನುಭವವಿಲ್ಲದ ಎಳೆಯ ಹಕ್ಕಿ ಮೊದಲ ಸಲ ಕುಕ್ಕಿಯೇ ಕುಕ್ಕುತ್ತದೆ. ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಅವರ ಪ್ರಯೋಗಗಳಲ್ಲಿ ನಮ್ಮ ಪ್ಲೇನ್ ಟೈಗರಿನ ಹತ್ತಿರದ ನೆಂಟನಾದ ಮೊನಾರ್ಕ್ ಚಿಟ್ಟೆಯನ್ನು ತಿಂದ ಬ್ಲೂ ಜೇ ಹಕ್ಕಿ ಕೊಂಚ ಹೊತ್ತಿನಲ್ಲೇ ವಾಂತಿ ಮಾಡಿಕೊಂಡಿತು. ಅದಾದ ಮೇಲೆ ಅಂಥ ಚಿಟ್ಟೆ ಕಂಡರೆ ಮುಖ ತಿರುಗಿಸತೊಡಗಿತು. ಒಂದು ಚಿಟ್ಟೆಯ ಸಾವಿನಿಂದ ಹಕ್ಕಿ ಪಾಠ ಕಲಿಯುತ್ತದೆ, ಉಳಿದ ಚಿಟ್ಟೆಗಳು ಬದುಕುತ್ತವೆ. ಈ ಇಡೀ ವ್ಯವಸ್ಥೆ ನಿಂತಿರುವುದು ತಿಂದವನಿಗೆ ಸಂಕಟವಾಗುತ್ತದೆ ಎಂಬ ಒಂದೇ ಖಾತರಿಯ ಮೇಲೆ. ಮನುಷ್ಯರ ನಡುವೆ ಆ ಖಾತರಿ ಕೊಡಬೇಕಾದದ್ದು ಪೊಲೀಸರು ಮತ್ತು ನ್ಯಾಯಾಲಯ. ಕೊಂದವನಿಗೆ ಏನೂ ಆಗದಿದ್ದರೆ ಅವನು ಕಲಿಯುವ ಪಾಠವೇ ಬೇರೆ. ಪತ್ರಕರ್ತರ ಕೊಲೆಗಳಲ್ಲಿ ನೂರಕ್ಕೆ 85ರಷ್ಟು ಪ್ರಕರಣಗಳು ಇತ್ಯರ್ಥವಾಗದೆ ಉಳಿದಿವೆ ಎಂದು ಯುನೆಸ್ಕೊ 2024ರ ವರದಿಯಲ್ಲಿ ಹೇಳಿತು. ಅಷ್ಟು ಹಕ್ಕಿಗಳಿಗೆ ವಾಂತಿಯೇ ಆಗಲಿಲ್ಲ ಎಂದರ್ಥ.

ಕನ್ನಡಿಗರಿಗೆ ಈ ಲೆಕ್ಕ ದೂರದ್ದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆಯ ಬಾಗಿಲಲ್ಲೇ ಕೊಂದರು. ಎರಡು ವರ್ಷ ಕಳೆದರೂ ಕೊಂದವರು ಸಿಕ್ಕಿರಲಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದು ಆಮೇಲೆ ವಿಧಿವಿಜ್ಞಾನ ಪರೀಕ್ಷೆಯ ಆಧಾರದಲ್ಲಿ ತನಿಖಾ ತಂಡ ಹೇಳಿತು. ಮೊದಲ ಕೊಲೆಯ ಜಾಡು ಬೇಗ ಹಿಡಿದಿದ್ದರೆ ಎರಡನೆಯದು ತಪ್ಪುತ್ತಿತ್ತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಗೌರಿ ಹತ್ಯೆಯಾಗಿ ಎಂಟು ವರ್ಷ ತುಂಬಿದಾಗಲೂ ವಿಚಾರಣೆ ಮುಗಿದಿರಲಿಲ್ಲ. ಇತ್ತ ಕೊಂಕಣದ ರಾಜಾಪುರದಲ್ಲಿ ಬಾರ್ಸೂ ತೈಲ ಸಂಸ್ಕರಣಾ ಯೋಜನೆಯ ಸುತ್ತಲಿನ ಭೂವ್ಯವಹಾರದ ಬಗ್ಗೆ ಬರೆಯುತ್ತಿದ್ದ ಮರಾಠಿ ಪತ್ರಕರ್ತ ಶಶಿಕಾಂತ ವಾರಿಶೆ ಅವರ ಸ್ಕೂಟರಿಗೆ 2023ರ ಫೆಬ್ರವರಿ 6ರಂದು ವಾಹನ ಹರಿಯಿತು. ಮರುದಿನ ಅವರು ತೀರಿಕೊಂಡರು. ಕೊಲೆ ಪ್ರಕರಣ ದಾಖಲಾಯಿತು. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಯ ವರದಿಗಾರ ಬೆಂಗಳೂರು, ಮುಂಬಯಿಯವರಿಗಿಂತ ಎಷ್ಟು ಒಂಟಿ ಎಂಬುದು ಆ ಸುದ್ದಿಯಲ್ಲಿತ್ತು.

ಥಾಣೆ, ಡೊಂಬಿವಲಿಯ ಕನ್ನಡ ಮನೆಗಳ ಬಾಲ್ಕನಿಯಲ್ಲಿ ತುಳಸಿಯ ಪಕ್ಕ ಒಂದು ಕುಂಡ ಕರಿಬೇವು ಇದ್ದೇ ಇರುತ್ತದೆ. ಎಲೆಗೆ ಹುಳು ಹತ್ತಿತೆಂದು ಕಿತ್ತು ಎಸೆಯುವ ಮುನ್ನ ಒಮ್ಮೆ ನೋಡಿ. ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ, ಬೆಳೆದ ಮೇಲೆ ಎಲೆಹಸಿರಾಗುವ ಆ ಹುಳು ಹೆಚ್ಚಾಗಿ ಕಾಮನ್ ಮಾರ್ಮನ್ ಚಿಟ್ಟೆಯದು. ನಾವು ಒಗ್ಗರಣೆಗೆ ಹಾಕುವ ಎಲೆಯೇ ಅದರ ಊಟ, ಆದ್ದರಿಂದ ಅದರ ಮೈಯಲ್ಲಿ ವಿಷವಿಲ್ಲ. ಆದರೆ ಈ ಜಾತಿಯ ಕೆಲವು ಹೆಣ್ಣು ಚಿಟ್ಟೆಗಳು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯ ವೇಷ ತೊಟ್ಟು ಹಾರುತ್ತವೆ. ಕಾಮನ್ ರೋಸ್ ಹುಳುವಾಗಿದ್ದಾಗ ಈಶ್ವರಿ ಬಳ್ಳಿಯ ವಿಷವನ್ನು ನಿಜವಾಗಿ ಅರಗಿಸಿಕೊಂಡ ಜೀವ. ಈ ವೇಷದ ಹಿಂದೆ ಯಾವ ವಂಶವಾಹಿ ಇದೆ ಎಂಬುದನ್ನು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಬಲವಿಲ್ಲದವನು ಬಲವುಳ್ಳವನ ಬಣ್ಣ ತೊಡುವ ಈ ಅನುಕರಣೆಯನ್ನು 1862ರಲ್ಲಿ ಮೊದಲು ವಿವರಿಸಿದವನು ಅಮೆಜಾನ್ ಕಾಡಿನಲ್ಲಿ ವರ್ಷಗಟ್ಟಲೆ ಅಲೆದ ಇಂಗ್ಲಿಷ್ ನಿಸರ್ಗತಜ್ಞ ಹೆನ್ರಿ ಬೇಟ್ಸ್.

ಈ ಅನುಕರಣೆಗೆ ಒಂದು ಮಿತಿಯಿದೆ. ನಕಲಿಗಳು ಅಸಲಿಗಿಂತ ಕಡಿಮೆ ಇದ್ದಷ್ಟು ಕಾಲ ಆಟ ನಡೆಯುತ್ತದೆ. ನಕಲಿಗಳೇ ತುಂಬಿಕೊಂಡರೆ ಹಕ್ಕಿ ಪದೇ ಪದೇ ರುಚಿಯಾದದ್ದನ್ನೇ ಕುಕ್ಕಿ, ಆ ಬಣ್ಣಕ್ಕೆ ಹೆದರಬೇಕಿಲ್ಲ ಎಂದು ಕಲಿಯುತ್ತದೆ. ಆಗ ಏಟು ಬೀಳುವುದು ಅಸಲಿಗೂ. ರಾತ್ರಿ ಒಂಬತ್ತರ ಟಿವಿಯಲ್ಲಿ ಮೇಜು ಕುಟ್ಟುವವರು, ಕಡತ ಓದದೆ ತೀರ್ಪು ಕೊಡುವವರು, ಮೊಬೈಲಿಗೆ ಬಂದದ್ದನ್ನು ಸುದ್ದಿಯೆಂದು ದಾಟಿಸುವವರು ತೊಟ್ಟಿರುವುದು ನಿರ್ಭೀತ ಪತ್ರಕರ್ತನ ಬಣ್ಣವನ್ನೇ. ಅವರ ಸಂಖ್ಯೆ ಬೆಳೆದಷ್ಟೂ ನಿಜವಾದ ತನಿಖಾ ವರದಿಯನ್ನೂ ಜನ ‘ಇದೂ ಅದೇ’ ಎಂದು ಸರಿಸುತ್ತಾರೆ. ಸುಳ್ಳು ಸುದ್ದಿ ಮಾಡುವ ಅತಿದೊಡ್ಡ ಹಾನಿ ಇದೇ ಎಂದು ನಾನು ನಂಬಿದ್ದೇನೆ. ಗೌರಿಗೆ ಇದು ಬೇಗ ಕಂಡಿತ್ತು. ತಮ್ಮ ವಾರಪತ್ರಿಕೆಯ ‘ಕಂಡಹಾಗೆ’ ಅಂಕಣಕ್ಕೆ ಅವರು ಬರೆದ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಕಾರ್ಖಾನೆಗಳ ಬಗ್ಗೆಯೇ ಇತ್ತು. 2017ರ ಸೆಪ್ಟೆಂಬರ್ 13ರ ತಾರೀಕಿನ ಆ ಸಂಚಿಕೆ ಓದುಗರ ಕೈಗೆ ಬರುವಾಗ ಅವರು ಇರಲಿಲ್ಲ.

ಗೌರಿ ಯಾವ ಗಿಡದ ಮೇಲೆ ಬೆಳೆದವರು ಎಂಬುದು ಕನ್ನಡದ ಓದುಗರಿಗೆ ಗೊತ್ತು. ಅವರ ತಂದೆ ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದಾಗ ಜಾಹೀರಾತು ಬೇಡವೆಂದರು. ಓದುಗ ಕೊಡುವ ಕಾಸಿನ ಮೇಲೆಯೇ ಪತ್ರಿಕೆ ನಿಂತಿತು. ಮಂತ್ರಿಯ ಕೋಪಕ್ಕೂ ಉದ್ಯಮಿಯ ಮುನಿಸಿಗೂ ಅದರ ಆದಾಯ ಕುಗ್ಗುವಂತಿರಲಿಲ್ಲ. ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ‘ಮುಂಗಾರು’ ದಿನಪತ್ರಿಕೆ ತಂದದ್ದು ಓದುಗರಿಂದಲೇ ಬಂಡವಾಳ ಕೂಡಿಸಿ. ಅದು ಬಹುಕಾಲ ಬಾಳಲಿಲ್ಲ, ನಿಜ. ಆದರೆ ಅಲ್ಲಿ ಪಳಗಿದ ಹುಡುಗರು ಕನ್ನಡದ ದೊಡ್ಡ ಪತ್ರಿಕೆಗಳಲ್ಲಿ ದಶಕಗಟ್ಟಲೆ ಬರೆದರು. ಗೌರಿ 2005ರಲ್ಲಿ ‘ಲಂಕೇಶ್ ಪತ್ರಿಕೆ’ಯಿಂದ ಬೇರೆಯಾಗಿ ತಮ್ಮದೇ ವಾರಪತ್ರಿಕೆ ಕಟ್ಟಿದಾಗ ಅದೇ ಹಾದಿ ಹಿಡಿದರು. ಪ್ರಸಾರ ಚಿಕ್ಕದು, ಹಣದ ಪರದಾಟ ಸದಾ ಇದ್ದದ್ದೇ. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನಹಾನಿ ಪ್ರಕರಣದಲ್ಲಿ ಅವರಿಗೆ ಆರು ತಿಂಗಳ ಸಜೆ ವಿಧಿಸಿತು. ಜಾಮೀನು ಪಡೆದು ಅವರು ಬರವಣಿಗೆ ಮುಂದುವರಿಸಿದರು. ಚಿಕ್ಕ ಪತ್ರಿಕೆಯವರಿಗೆ ಗುಂಡಿಗಿಂತ ಮೊದಲು ಎದುರಾಗುವುದು ಊರೂರಿನ ಕೋರ್ಟುಗಳ ಅಲೆದಾಟ, ವಕೀಲರ ಫೀಜು, ಬಸ್ಸಿನ ಖರ್ಚು.

ಆತಿಥೇಯ ಗಿಡಗಳಲ್ಲಿ ಇನ್ನೊಂದು 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿಯ ಅರ್ಜಿಯಿಂದ ಪಾಲಿಕೆಯ ಟೆಂಡರು, ಮರ ಕಡಿಯುವ ಅನುಮತಿ, ಭೂಪರಿವರ್ತನೆಯ ಕಡತ ಹೊರಬರುವಂತಾದದ್ದು ಅದರಿಂದ. ಘೋಡಬಂದರ್ ರಸ್ತೆಯಂತೆ ವರ್ಷದಿಂದ ವರ್ಷಕ್ಕೆ ಗುರುತೇ ಸಿಗದಂತೆ ಬದಲಾಗುವ ಕಡೆ ಅಂಥ ಕಡತವೇ ವರದಿಗಾರನ ಆಹಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೇ ಮಾಹಿತಿ ನಿರಾಕರಿಸಲು ದಾರಿ ಅಗಲ ಮಾಡಿತು. ಪತ್ರಕರ್ತರ ಸಂಘಟನೆಗಳು ಇದನ್ನು ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಚಿಟ್ಟೆಯನ್ನು ಮುಟ್ಟದೆ ಗಿಡವನ್ನಷ್ಟೇ ಕಡಿದರೂ ಚಿಟ್ಟೆ ಇಲ್ಲವಾಗುತ್ತದೆ, ಅದೂ ಸದ್ದಿಲ್ಲದೆ. ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ 2025ರ ಪತ್ರಿಕಾ ಸ್ವಾತಂತ್ರ್ಯ ಪಟ್ಟಿಯಲ್ಲಿ 180 ದೇಶಗಳ ಪೈಕಿ ಭಾರತ 151ನೆಯದು. ಕೊಲೆಗಳಷ್ಟೇ ಆ ಸ್ಥಾನಕ್ಕೆ ಕಾರಣವಲ್ಲ, ಮಾಧ್ಯಮ ಯಾರ ಒಡೆತನದಲ್ಲಿದೆ, ಯಾರ ಹಣದಲ್ಲಿ ನಡೆಯುತ್ತದೆ ಎಂಬುದೂ ಆ ಲೆಕ್ಕದಲ್ಲಿದೆ.

ಪ್ಲೇನ್ ಟೈಗರಿಗೆ ಇನ್ನೊಂದು ಗುಣವಿದೆ. ಅದರ ಮೈ ಚರ್ಮದಂತೆ ಗಟ್ಟಿ. ಹಿಡಿದರೆ ಸತ್ತಂತೆ ಬಿದ್ದಿರುತ್ತದೆ, ಕೆಟ್ಟ ವಾಸನೆಯ ದ್ರವ ಒಸರುತ್ತದೆ. ಕೊಕ್ಕು ಸಡಿಲವಾದದ್ದೇ ತಡ ಎದ್ದು ಹಾರುತ್ತದೆ. ಹಕ್ಕಿಯ ಕೊಕ್ಕಿನ ಅಚ್ಚು ಮೂಡಿದ, ಅಂಚು ಹರಿದ ರೆಕ್ಕೆಯಲ್ಲೇ ಅದು ಹೂವಿಂದ ಹೂವಿಗೆ ಹೋಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಓವಳಾದಲ್ಲಿ ಚಿಟ್ಟೆಗಳ ಫೋಟೊ ತೆಗೆಯುವವರು ಸಾಮಾನ್ಯವಾಗಿ ಹರಿಯದ ರೆಕ್ಕೆಯದನ್ನೇ ಹುಡುಕುತ್ತಾರೆ. ನನಗೆ ಹರಿದ ರೆಕ್ಕೆಯವೇ ಹೆಚ್ಚು ಇಷ್ಟ.

ಗೌರಿ ಹೋದ ಮೇಲೆ ಅವರ ಸಂಗಡಿಗರು ‘ನ್ಯಾಯಪಥ’ ಎಂಬ ವಾರಪತ್ರಿಕೆ ತಂದರು. ಅವರ ಹತ್ಯೆಯಾದ 2017ರಲ್ಲೇ ಫ್ರಾನ್ಸಿನಲ್ಲಿ ಲೋರಾಂ ರಿಷಾರ್ ಎಂಬ ಪತ್ರಕರ್ತರು ಫರ್ಬಿಡನ್ ಸ್ಟೋರೀಸ್ ಎಂಬ ಕೂಟ ಕಟ್ಟಿದ್ದರು. ಕೊಲೆಯಾದ, ಬೆದರಿಕೆಗೆ ಒಳಗಾದ ಪತ್ರಕರ್ತರ ಅರ್ಧಕ್ಕೆ ನಿಂತ ಕೆಲಸವನ್ನು ಬೇರೆ ದೇಶಗಳ ಪತ್ರಕರ್ತರು ಸೇರಿ ಮುಗಿಸುವುದು ಅದರ ಉದ್ದೇಶ. ವರದಿಗಾರನನ್ನು ಕೊಂದರೆ ವರದಿ ನೂರು ಕಡೆ ಅಚ್ಚಾಗುತ್ತದೆ ಎಂದು ತಿಳಿದವನು ಗುಂಡು ಹಾರಿಸುವ ಮುನ್ನ ಯೋಚಿಸಿಯಾನು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಈ ಕೂಟ 2023ರ ಫೆಬ್ರವರಿಯಲ್ಲಿ ಹೊರತಂದ ‘ಸ್ಟೋರಿ ಕಿಲ್ಲರ್ಸ್’ ತನಿಖೆಗೆ ಪ್ರೇರಣೆ ಗೌರಿಯ ಕೆಲಸ. 30 ಮಾಧ್ಯಮ ಸಂಸ್ಥೆಗಳ ನೂರಕ್ಕೂ ಹೆಚ್ಚು ಪತ್ರಕರ್ತರು ಅದರಲ್ಲಿ ದುಡಿದರು. ದುಡ್ಡು ಕೊಟ್ಟವರಿಗೆ ಸುಳ್ಳು ಸುದ್ದಿ ಹಬ್ಬಿಸಿಕೊಡುವ, 33 ಚುನಾವಣೆಗಳಲ್ಲಿ ಕೈಯಾಡಿಸಿದ್ದೇವೆಂದು ತಾವೇ ಹೇಳಿಕೊಂಡ ‘ಟೀಂ ಹೋರ್ಹೆ’ ಎಂಬ ಇಸ್ರೇಲಿ ಗುಂಪನ್ನು ಅವರು ಗುಪ್ತ ಕ್ಯಾಮೆರಾದಲ್ಲಿ ಹಿಡಿದು ಬಯಲಿಗೆಳೆದರು. ಬಸವನಗುಡಿಯ ಒಂದು ಚಿಕ್ಕ ಕಚೇರಿಯಿಂದ ಹೊರಡುತ್ತಿದ್ದ ಕನ್ನಡ ವಾರಪತ್ರಿಕೆಯ ಕೊನೆಯ ಸಂಪಾದಕೀಯ ಕೈಗೆತ್ತಿಕೊಂಡಿದ್ದ ವಿಷಯ ಪ್ಯಾರಿಸ್, ಲಂಡನ್, ಹ್ಯಾಂಬರ್ಗ್ ಪತ್ರಿಕೆಗಳ ಪುಟಗಳಿಗೆ ಬಂತು.